ತಾಳ ತಪ್ಪಿದ ಪಾಲಿಶಣ್ಣನ ಎದೆ

ಐವತ್ತು ದಾಟಿದ ಮೇಲೆ ತನಗೆ ಪ್ರೇಮವಾಗಿದೆ ಎಂದು ಪಾಲಿಶಣ್ಣನಿಗೆ ಗೊತ್ತಾದದ್ದು ಒಂದು ಬೀರುವಿಗೆ ಪಾಲಿಶಿನ ಎರಡನೇ ಕೋಟ್ ಹೊಡೆಯುವಾಗ. ಪಕ್ಕದ ಸೋಫಾ ಅಂಗಡಿಯ ಕುಶನಕ್ಕ ಬಾಗಿಲು ತಳ್ಳಿಕೊಂಡು ಬಂದು, "ಎಷ್ಟು ಸೀನ್ತೀರ್ರೀ, ತಗೊಳ್ಳಿ" ಎಂದು ನೆಗಡಿ ಮಾತ್ರೆ ಕೊಟ್ಟು ಹೋದಳು. ಅದನ್ನು ಬಾಯಿಗೆ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಅವನ ಎದೆ ಡವಡವ ಎಂದಿತು. ನಡುವೆ ಒಂದು ಬಡಿತ ನುಂಗಿತು, ಆಮೇಲೆ ಎರಡನ್ನು ಒಟ್ಟಿಗೇ ಬಡಿಯಿತು. ಹೆಂಡತಿ ತೀರಿಕೊಂಡ ಮೇಲೆ ಆ ಎದೆ ಹೀಗೆ ಕುಣಿದದ್ದೇ ಇಲ್ಲ. ಬ್ರಶ್ಶನ್ನು ಡಬ್ಬಿಯ ಮೇಲಿಟ್ಟು ಪಾಲಿಶಣ್ಣ ನಾಚಿಕೊಂಡ. ನೋಡಲು ಬೀರು ಬಿಟ್ಟರೆ ಯಾರೂ ಇರಲಿಲ್ಲ, ಆದರೂ ನಾಚಿಕೊಂಡ.

ಹಸಿ ಪಾಲಿಶಿನ ಮೇಲೆ ಧೂಳು ಕೂರಬಾರದೆಂದು ಅವನು ಕಿಟಕಿಗೆ ಪೇಪರ್ ಅಂಟಿಸಿ, ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕಿ, ಪಾಲಿಶಿಗೆ ಬೆರೆಸುವ ಥಿನ್ನರ್ ವಾಸನೆಯಲ್ಲೇ ದಿನ ಕಳೆಯುತ್ತಿದ್ದ. ದಾರಿತಪ್ಪಿ ಒಳಗೆ ಬಂದ ಸೊಳ್ಳೆ ಕೂಡ ತೂರಾಡಿಕೊಂಡು ಬೀಳುತ್ತಿತ್ತು. ಆ ವಾಸನೆಗೆ ಸೀನು, ಸೀನಿಗೆ ಮಾತ್ರೆ, ಮಾತ್ರೆಯ ಜೊತೆ ಕುಶನಕ್ಕ, ಕುಶನಕ್ಕನ ಬೆನ್ನಿಗೇ ಡವಡವ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಒಂದು ವಾರ ತಡೆದುಕೊಂಡು ಕೊನೆಗೆ ಆಕೆಯ ಅಂಗಡಿಗೇ ಹೋಗಿ ಕೇಳಿಯೇಬಿಟ್ಟ. "ನಾವಿಬ್ರೂ ಮದುವೆ ಆದ್ರೆ ಹೇಗೆ?"

ಕುಶನಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗಿದು, "ಶನಿವಾರ ಹೇಳ್ತೀನಿ" ಎಂದಳು. ಅಂದಿನಿಂದ ಅವನಿಗೆ ಹೊಸ ಸಂಕಟ. ಬೀದಿಗೆಲ್ಲ ಅವನು ಅಣ್ಣ, ಆಕೆ ಅಕ್ಕ. ಈಗ ಒಬ್ಬರನ್ನೊಬ್ಬರು ಏನೆಂದು ಕರೆಯುವುದು?

ಮನೆಯಲ್ಲಿ ಅವನ ಸ್ವಂತ ಅಕ್ಕ ಈ ಸುದ್ದಿ ಕೇಳಿ ಹಣೆ ಚಚ್ಚಿಕೊಂಡಳು. "ಈ ವಯಸ್ಸಲ್ಲಿ ಎದೆ ಹೀಗೆ ಬಡ್ಕೊಂಡ್ರೆ ಒಂದೋ ಪ್ರೇಮ, ಇಲ್ಲಾ ಯಮ. ಯಾವ್ದು ಅಂತ ಮೊದ್ಲು ಡಾಕ್ಟರ್ ಹತ್ರ ಕೇಳ್ಕೊಂಡು ಬಾ!"

ಡಾಕ್ಟರಮ್ಮ ಇಸಿಜಿ ತೆಗೆದು, ಅವನ ಕೆಲಸ ಕೇಳಿ, ಮಾತ್ರೆಯ ಹಾಳೆ ತಿರುಗಿಸಿ ನೋಡಿದರು. "ಇದು ಪ್ರೇಮ ಅಲ್ಲ, ಯಜಮಾನ್ರೇ. ಮುಚ್ಚಿದ ರೂಮಲ್ಲಿ ಥಿನ್ನರ್ ಆವಿ ಕುಡೀತಿದ್ದೀರ. ಅದರ ಮೇಲೆ ಈ ಮಾತ್ರೆ ಬಿದ್ರೆ ಹಾರ್ಟು ತಾಳ ತಪ್ಪದೆ ಇನ್ನೇನು ಮಾಡುತ್ತೆ? ಮಾತ್ರೆ ಬಿಡಿ. ಕಿಟಕಿ ತೆಗೀರಿ."

"ಹಾಗಾದ್ರೆ ಕುಶನಕ್ಕ?"

"ಅದಕ್ಕೆ ನಾನೇನು ಬರ್ಕೊಡ್ಲಿ!"

ಕಿಟಕಿ ತೆರೆದ. ಮಾತ್ರೆ ಬಿಟ್ಟ. ಎದೆ ಗೂಳಿಯ ಆಟ ಬಿಟ್ಟು ಹಸುವಾಯಿತು. ಕುಶನಕ್ಕ ಎದುರಿಗೇ ಹಾದುಹೋದಳು. ಎದೆ ಕ್ಯಾರೇ ಅನ್ನಲಿಲ್ಲ. ಪಾಲಿಶಣ್ಣನಿಗೆ ಅಳುವೇ ಬಂದಂತಾಯಿತು. ಮದುವೆ ಕೇಳುವಾಗ ಮುಂದೆ ನುಗ್ಗಿದ ಎದೆ ಈಗ ಕೈಕೊಟ್ಟಿತ್ತು. ಸುಳ್ಳು ಹೇಳಿ ಮದುವೆಯಾಗುವುದು ಅವನಿಂದಾಗದು, ನಿಜ ಹೇಳಿ ಆಕೆಯನ್ನು ಕಳೆದುಕೊಳ್ಳುವುದು ಅದಕ್ಕಿಂತ ಕಷ್ಟ.

ಶನಿವಾರ ಹೋಗಿ ತಲೆ ತಗ್ಗಿಸಿ ಎಲ್ಲ ಒಪ್ಪಿಸಿದ. ಕುಶನಕ್ಕ ಕತ್ತರಿ ಕೆಳಗಿಟ್ಟು ಗೊಳ್ಳೆಂದು ನಕ್ಕಳು.

"ನಂದೂ ಅದೇ ಕಥೆ! ನಡುವೆ ಇರೋದು ಬರೀ ಪ್ಲೈವುಡ್ ಗೋಡೆ, ನಿಮ್ಮ ಥಿನ್ನರೆಲ್ಲ ಈ ಕಡೆಗೇ. ನಾನೂ ಅದೇ ಮಾತ್ರೆ ನುಂಗ್ತಿದ್ದೆ. ಡವಡವ ಅಂತಿತ್ತು, ಪ್ರೇಮ ಅಂದ್ಕೊಂಡೆ. ನಿನ್ನೆ ಅದೇ ಡಾಕ್ಟರಮ್ಮನ ಹತ್ರ ಹೋದ್ರೆ, ಕೈಲಿದ್ದ ಮಾತ್ರೆ ನೋಡಿ, ನಾನು ಬಾಯಿ ಬಿಡೋಕೂ ಮೊದ್ಲೇ 'ಕುಶನಕ್ಕ ಅಂದ್ರೆ ನೀವೇನಾ' ಅಂದ್ರು!"

ಇಬ್ಬರೂ ಅರೆಬರೆ ಸೋಫಾದ ಮೇಲೆ ಕೂತು ತಮ್ಮತಮ್ಮ ಮಣಿಕಟ್ಟು ಹಿಡಿದು ನೋಡಿಕೊಂಡರು. ಎರಡೂ ನಾಡಿಗಳು ತಮ್ಮ ಪಾಡಿಗೆ ತಣ್ಣಗೆ ನಡೆಯುತ್ತಿದ್ದವು.

"ಹಾಗಾದ್ರೆ ನಮ್ಮ ನಡುವೆ ಏನೂ ಇರ್ಲಿಲ್ಲ" ಎಂದು ಪಾಲಿಶಣ್ಣ ಮಣಿಕಟ್ಟು ಬಿಟ್ಟ.

ಕುಶನಕ್ಕ ಸೋಫಾದ ಅಂಚಿನ ಬಿಡಿ ನೂಲೊಂದನ್ನು ಕಿತ್ತಳು. "ಭಾನುವಾರ ಅಂಗಡಿ ಮುಚ್ಚಿರುತ್ತೆ. ಥಿನ್ನರೂ ಇಲ್ಲ, ಮಾತ್ರೆನೂ ಇಲ್ಲ, ಎದೆ ತಣ್ಣಗಿರುತ್ತೆ. ಆದ್ರೂ ಗೋಡೆ ಆಚೆಯಿಂದ ನಿಮ್ಮ ಸೀನು ಕೇಳ್ಸಲ್ವಲ್ಲ ಅಂತ ಊಟ ಸೇರಲ್ಲ. ಡಾಕ್ಟರಮ್ಮನ್ನ ಕೇಳಿದೆ. ಅದಕ್ಕೂ ಹಾರ್ಟಿಗೂ ಸಂಬಂಧ ಇಲ್ಲ ಅಂದ್ರು."

ಪಾಲಿಶಣ್ಣ ಉಗುರಿಗೆ ಅಂಟಿದ ಪಾಲಿಶ್ ಕೆರೆಯುತ್ತಾ ಕೂತ. ಕೊನೆಗೆ ಕೇಳಿದ. "ನಾಳೆ ಭಾನುವಾರ. ಮನೆಗೆ ಬರ್ಲಾ?"

"ಬನ್ನಿ" ಎಂದಳು. "ಸೀನದಿದ್ರೂ ಪರವಾಗಿಲ್ಲ."