ಅರ್ಧ ಕಿಲೋದೊಳಗಿನ ಪುಸ್ತಕ

ಪೊಟ್ಟಣ ಅರ್ಧ ಕಿಲೋ ದಾಟಿತೆಂದರೆ ಕೊರಿಯರ್‌ನವರು ಒಂದು ಕಿಲೋದ ದರ ಹಾಕುತ್ತಾರೆ. ಪುಸ್ತಕ ಬರೆಯಲು ಕೂತವರಿಗೆ ಈ ಲೋಕಜ್ಞಾನವನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ರಾಜೇಶ್ವರಿಯ ಪುಸ್ತಕ ಅಡುಗೆಮನೆಯ ತಕ್ಕಡಿಯ ಮೇಲೆ ಕೂತಾಗ ಅರ್ಧ ಕಿಲೋಕ್ಕಿಂತ ಒಂದು ಹಿಡಿ ಅವಲಕ್ಕಿಯಷ್ಟು ಹೆಚ್ಚು ತೂಗಿತು. ಆ ಒಂದು ಹಿಡಿಯ ಕತೆ ಇದು.

ಧಾರವಾಡದ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಅವಳು ಪಿಎಲ್‌ಸಿ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದಳು. ಪಿಎಲ್‌ಸಿ ಎಂದರೆ ಕಾರ್ಖಾನೆಯ ಯಂತ್ರಕ್ಕೆ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಸಣ್ಣ ಪೆಟ್ಟಿಗೆ. ಐಟಿಐ ಮುಗಿಸಿ ಬರುವ ಹುಡುಗರಿಗೆ ಇಂಗ್ಲಿಷ್ ಪುಸ್ತಕಗಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಅವಳೇ ಕನ್ನಡದಲ್ಲಿ ಬರೆದಳು. ಪ್ರಕಾಶಕರು "ಇಂಥಾದ್ದ ಯಾರ ಓದತಾರ್ರಿ" ಎಂದು ಕೈ ತೊಳೆದುಕೊಂಡಾಗ ಹುಬ್ಬಳ್ಳಿಯಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಳು.

ಮೊದಲ ಮುದ್ರಣದ ಪ್ರತಿಗಳನ್ನು ಅವಳೂ ಅತ್ತೆ ಈರವ್ವನೂ ಪಡಸಾಲೆಯಲ್ಲಿ ಕೂತು ಕಟ್ಟಿದ್ದರು. ಈರವ್ವ ಟೇಪು ಕತ್ತರಿಸುತ್ತ ಪ್ರತಿಯೊಂದಕ್ಕೂ "ಇದ ಯಾವೂರಿಗೆ ಹೊಂಟೈತಿ?" ಎಂದು ಕೇಳುವಳು. ಬೈಲಹೊಂಗಲಕ್ಕೆ, ಗೋಕಾಕಕ್ಕೆ, ಸಿಂಧನೂರಿಗೆ ಎಂದು ಸೊಸೆ ಹೇಳಬೇಕು. ಎರಡನೆಯ ಮುದ್ರಣದ ಹೊತ್ತಿಗೆ, ಪುಸ್ತಕವನ್ನೆಲ್ಲ ನಮ್ಮ ಗೋದಾಮಿಗೆ ಕಳಿಸಿಬಿಡಿ, ಕಟ್ಟುವುದು ಮುಟ್ಟಿಸುವುದು ನಮ್ಮ ಕೆಲಸ ಎಂದು ಮಾರುವ ಜಾಲತಾಣದವರೇ ಹೇಳಿದರು. ಅಂದಿನಿಂದ ಕೊಂಡವರ ಊರು, ಹೆಸರು ಕಾಣುವುದು ನಿಂತಿತು. ಮೊಬೈಲು ಟಿಣ್ ಎಂದರೆ ಎಲ್ಲಿಗೋ ಒಂದು ಪ್ರತಿ ಹೋಯಿತು ಎಂದು ತಿಳಿದುಕೊಳ್ಳುವುದು, ಅಷ್ಟೇ.

ಆ ಎರಡನೆಯ ಮುದ್ರಣಕ್ಕೇ ತೂಕ ಇಳಿಸಬೇಕಾಗಿತ್ತು. ಅಕ್ಷರ ಸಣ್ಣದು ಮಾಡಿದರೆ ಹುಡುಗರು ಓದುವುದಿಲ್ಲ. ಚಿತ್ರ ತೆಗೆದರೆ ಪುಸ್ತಕವೇ ಇಲ್ಲ. ಕೊನೆಗೆ ಪಾಠಗಳ ನಡುನಡುವೆ ಬೂದುಬಣ್ಣದ ಚೌಕಗಳಲ್ಲಿ ಹಾಕಿದ್ದ ಸೂಚನೆಗಳ ಮೇಲೆ ಅವಳ ಕಣ್ಣು ಬಿತ್ತು. ಇವನ್ನು ಯಾರು ಓದುತ್ತಾರೆ ಎಂದುಕೊಂಡು ಒಂದೇ ಸಂಜೆಯಲ್ಲಿ ಎಲ್ಲ ಚೌಕಗಳನ್ನೂ ಕಿತ್ತುಹಾಕಿದಳು. ಪುಸ್ತಕ ಅರ್ಧ ಕಿಲೋದೊಳಗೆ ಬಂತು. ಮಾರಾಟ ಏರಿತು, ಐದು ನಕ್ಷತ್ರಗಳ ಮೆಚ್ಚುಗೆ ಮೇಲಿಂದ ಮೇಲೆ ಬಂತು, ರಾಜೇಶ್ವರಿ ಹಿಗ್ಗಿದಳು. ಹಿಗ್ಗದೆ ಇರಲು ಅವಳೇನು ಸನ್ಯಾಸಿನಿಯೆ?

ಮೆಚ್ಚಿದವರಲ್ಲಿ ಮುಗದ ಊರಿನ ಮುತ್ತು ಒಬ್ಬ. ಧಾರವಾಡದ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ತಗಡು ಒತ್ತುವ ಒಂದು ಸಣ್ಣ ಕಾರ್ಖಾನೆಯಲ್ಲಿ ರಿಪೇರಿ ಕೆಲಸ ಅವನದು. ಪುಸ್ತಕದ ಬೆನ್ನಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ ಪರಿಚಯವಾಗಿದ್ದ. ಶಾಲೆಯಲ್ಲಿ ಕಲಿಸಿದವರನ್ನು ಕರೆಯುವಂತೆ ಅವಳನ್ನು 'ಅಕ್ಕೋರ' ಎನ್ನುತ್ತಿದ್ದ. ದಸರೆಯ ಖಂಡೇನವಮಿಯ ದಿನ ಅವನದೇ ಫೋನು ಬಂತು.

"ಅಕ್ಕೋರ, ನಮ್ಮ ದೊಡ್ಡ ಪ್ರೆಸ್ಸಿನ ಪೆಟಗಿ ಸುಟ್ಟಿತ್ತಲ್ಲರಿ, ಹೊಸಾದ ಹಾಕೇವ್ರಿ. ಕಂಪನಿ ಇಂಜಿನಿಯರು ಹಬ್ಬ ಮುಗಿಯೂ ತನಕ ಬರೂದಿಲ್ಲ ಅಂದ್ರು. ನಿಮ್ಮ ಪುಸ್ತಕ ನೋಡಿ ಪ್ರೋಗ್ರಾಂ ನಾನ ಬರದೇನ್ರಿ. ಒಂದಕ್ಷರ ಆಚೀಚಿ ಮಾಡಿಲ್ಲ. ಎರಡೂ ಗುಂಡಿ ಒತ್ತಿ ನೋಡಿದೆ, ಛಲೋ ಇಳೀತೈತ್ರಿ."

"ನೀನ ಬರದಿ? ಶಾಬಾಸ್ ಮುತ್ತು."

"ಮಾಲಕರು ಭಾಳ ಖುಷಿ ಆಗ್ಯಾರ್ರಿ. ನಾಳಿ ಮುಹೂರ್ತಕ್ಕ ಮೊದಲನೇ ತಗಡ ನೀನ ಒತ್ತಬೇಕಲೇ ಅಂದಾರ. ಪೂಜಿ ಫೋಟೋ ಕಳಸೇನಿ, ನೋಡ್ರಿ. ನಾ ಈಗ ಊರಿಗೆ ಹೊಂಟೇನ್ರಿ."

ಫೋಟೋದಲ್ಲಿ ಪ್ರೆಸ್ಸು ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು. ಖಂಡೇನವಮಿಗೆ ಆಯುಧವೂ ಪುಸ್ತಕವೂ ಒಟ್ಟಿಗೆ ಪೂಜೆಗೆ ಕೂಡುವುದು ಪದ್ಧತಿ. ಅಂತೆಯೇ ಅವಳ ಪುಸ್ತಕವನ್ನು ಕುಂಕುಮ ಹಚ್ಚಿ ಪ್ರೆಸ್ಸಿನ ಒಳಗೆ, ಮೇಲಿನ ಅಚ್ಚು ಬಂದು ಬಡಿಯುವ ಜಾಗದಲ್ಲೇ ಇಟ್ಟಿದ್ದರು. ರಾಜೇಶ್ವರಿ ಮುಖಪುಟ ಚೆಂದಾಗಿ ಕಾಣಲೆಂದು ಫೋಟೋ ದೊಡ್ಡದು ಮಾಡಿದಳು. ಪುಸ್ತಕದ ಎಡಕ್ಕೊಂದು ಬಲಕ್ಕೊಂದು ಅಂಗೈ ಅಗಲದ ಹಸಿರು ಗುಂಡಿಗಳು ಕಂಡವು. ಮುಖಪುಟ ಬಿಟ್ಟು ಆ ಗುಂಡಿಗಳನ್ನೇ ಇನ್ನಷ್ಟು ದೊಡ್ಡದು ಮಾಡಿದಳು.

ಎರಡು ಗುಂಡಿ ಇರುವುದು ಎರಡೂ ಕೈಗಳನ್ನು ಹೊರಗೆ ಇಡಿಸಲಿಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯಬೇಕು, ಒಂದು ಕೈ ಎತ್ತಿದರೂ ನಿಲ್ಲಬೇಕು. ಅವಳ ತರಬೇತಿ ಕೇಂದ್ರದ ಅಭ್ಯಾಸದ ಬೋರ್ಡಿನಲ್ಲಿ ಮಾತ್ರ ಬಲಗಡೆಯ ಗುಂಡಿ ಮುರಿದು ಎಷ್ಟೋ ಕಾಲವಾಗಿತ್ತು. ಬೋರ್ಡಿನ ಮೇಲೆ ಪಾಠ ನಡೆಯಬೇಕಲ್ಲ. ಹಾಗಾಗಿ ಪುಸ್ತಕದ ಉದಾಹರಣೆಯಲ್ಲಿ ಬಲಗುಂಡಿಯನ್ನು ಯಾವಾಗಲೂ ಒತ್ತಿದೆ ಎಂದೇ ಲೆಕ್ಕಕ್ಕೆ ಹಿಡಿದು, ಎಡಗುಂಡಿಯೊಂದನ್ನೇ ಒತ್ತಿದರೂ ಪ್ರೆಸ್ಸು ಇಳಿಯುವಂತೆ ಬರೆದಿದ್ದಳು. ಕೆಳಗೆ ಬೂದು ಚೌಕದಲ್ಲಿ, 'ಇದು ಅಭ್ಯಾಸದ ಬೋರ್ಡಿಗೆ ಮಾತ್ರ. ನಿಜವಾದ ಪ್ರೆಸ್ಸಿನಲ್ಲಿ ಹೀಗೆ ಬರೆದರೆ ಕೈ ಹೋಗುತ್ತದೆ' ಎಂದು ದಪ್ಪಕ್ಷರದಲ್ಲಿ ಹಾಕಿದ್ದಳು.

ಆ ಒಂದು ಚೌಕವನ್ನಾದರೂ ಉಳಿಸಿದ್ದೆನೇ? ನೆನಪಾಗಲಿಲ್ಲ. ಹೊಸ ಮುದ್ರಣದ ಪ್ರತಿ ಮನೆಯಲ್ಲಿದ್ದದ್ದು ಒಂದೇ, ಅದು ದೇವರ ಜಗುಲಿಯ ಮೇಲೆ ಪೂಜೆಗೆ ಕೂತಿತ್ತು. ಕೈ ಚಾಚಿದಾಗ ಈರವ್ವ ತಡೆದಳು.

"ಪೂಜಿಗಿಟ್ಟ ಪುಸ್ತಕ ಇವತ್ತ ತಗೀಬಾರದವಾ. ನಾಳಿ ಬನ್ನಿ ತಂದ ಮ್ಯಾಲ ತಗಿ."

"ಒಂದ ಪಾನು ನೋಡ್ತೇನ್ರಿ ಅತ್ತಿ."

ತೆಗೆದೇ ತೆಗೆದಳು. ಪುಟ ತಿರುವಿದಾಗ ಕುಂಕುಮ ಉದುರಿ ಉದಾಹರಣೆಯ ಕೆಳಗೆ ಬಿತ್ತು. ಚೌಕವಿದ್ದ ಜಾಗದಲ್ಲಿ ಮುಂದಿನ ಪಾಠ ಶುರುವಾಗಿತ್ತು. ಕುಂಕುಮ ಚೆಲ್ಲಿದ್ದು ಕಂಡು ಈರವ್ವ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು.

ಮುತ್ತುವಿನ ಫೋನು ಸಂಪರ್ಕಕ್ಕೆ ಸಿಗಲಿಲ್ಲ. ರಾಜೇಶ್ವರಿ ಸ್ಕೂಟರ್ ಏರಿ ಬೇಲೂರಿಗೆ ಹೋದಳು. ಕಾರ್ಖಾನೆಯ ಬಾಗಿಲು ಹಾಕಿತ್ತು. ಕಾವಲುಗಾರ ಕಾಸಿಮಸಾಬ ಗೇಟಿನ ಒಳಗಿನಿಂದಲೇ ಮಾತಾಡಿದ.

"ಪೂಜಿ ಮುಗಿಸಿ ಎಲ್ಲಾರೂ ಹೋಗ್ಯಾರ್ರಿ ಅಕ್ಕಾರ."

"ಮಶೀನಿನ್ಯಾಗ ಒಂದ ಬದಲಾವಣಿ ಮಾಡೂದೈತಿ ಕಾಕಾ. ಲಗೂನ ಮಾಡಿ ಹೋಗ್ತೇನಿ."

"ಪೂಜಿ ಆದ ಮಶೀನು ನಾಳಿ ತನಕ ಯಾರೂ ಮುಟ್ಟೂದಿಲ್ಲರಿ. ಬಾಗಲಾ ತಗದ್ರ ನನ್ನ ನೌಕರಿ ಹೋಗ್ತೈತಿ. ಮಾಲಕರ ನಂಬರ ಕೊಡ್ತೇನಿ, ಕೇಳ್ರಿ."

ಮಾಲಕ ಬಸವಪ್ರಭು ಫೋನಿನಲ್ಲಿ ಹೆಸರು ಕೇಳಿದ ಕೂಡಲೇ ಕರಗಿಹೋದರು. "ಏ, ನೀವ ಏನ್ರಿ ಪುಸ್ತಕದ ಅಕ್ಕಾರು? ನಿಮ್ಮ ಪುಸ್ತಕ ಕಟ್ಟಗಟ್ಟಲೆ ತರಿಸಿ ನಮ್ಮ ಗೆಳ್ಯಾರ ಕಾರ್ಖಾನಿಗೆಲ್ಲಾ ಹಂಚೇನ್ರಿ. ಕನ್ನಡದಾಗ ಹಿಂಗ ಬರದವ್ರ ಯಾರದಾರ್ರಿ?"

ಇಲ್ಲಿ, ಈ ಜಾಗದಲ್ಲಿ, ಅವಳು ಬಾಯಿಬಿಟ್ಟು ಹೇಳಬೇಕಿತ್ತು. ನನ್ನ ಪುಸ್ತಕ ತಪ್ಪಾಗಿದೆ, ಅದನ್ನು ನಂಬಿದವರ ಕೈ ಹೋಗುತ್ತದೆ, ನೀವು ಹಂಚಿದ ಪ್ರತಿಗಳನ್ನೆಲ್ಲ ಇವತ್ತೇ ವಾಪಸು ತರಿಸಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊಗಳಿಸಿಕೊಂಡ ಜೀವ ಮರ್ಯಾದೆಗೆ ಅಂಜಿತು.

"ಪ್ರೋಗ್ರಾಂನ್ಯಾಗ ಒಂದ ಸಣ್ಣ ತಿದ್ದುಪಡಿ ಐತ್ರಿ," ಎಂದಳು.

"ಅಷ್ಟ ಹೌದಲ್ರಿ? ನಾಳಿ ಹತ್ತಕ್ಕ ಮುಹೂರ್ತ. ನೀವು ಬಂದ ಮ್ಯಾಲನ ಚಾಲೂ ಮಾಡೂಣು. ನಿಮಗೂ ಒಂದ ಶಾಲು ಹೊದಸ್ತೇವಿ."

'ನೀವು ಬಂದ ಮ್ಯಾಲನ' ಎಂಬ ಮಾತನ್ನೇ ಗಟ್ಟಿ ಹಿಡಿದುಕೊಂಡು ಅವಳು ಮನೆಗೆ ಬಂದಳು. ನಾನು ಬರುವ ತನಕ ಪ್ರೆಸ್ ಮುಟ್ಟಬೇಡ ಎಂದು ಮುತ್ತುವಿಗೆ ಸಂದೇಶ ಕಳಿಸಿದಳು. ಅದು ಅವನಿಗೆ ಮುಟ್ಟಿದ ಗುರುತು ಬೀಳಲಿಲ್ಲ. ಮುಗದ ಏನು ದೂರ, ಹೋಗಿಬರಬಹುದಿತ್ತು. ಹಬ್ಬಕ್ಕೆ ಬಂದ ಬೀಗರು ಊಟಕ್ಕೆ ಕೂತಿದ್ದರು, ಮಾಲಕರು ಮಾತು ಕೊಟ್ಟಿದ್ದರು, ಅವಳು ಹೋಗಲಿಲ್ಲ. ಜಾಲತಾಣದಲ್ಲಿ ದಸರೆಯ ರಿಯಾಯಿತಿ ನಡೆದಿತ್ತು. ಹೋಳಿಗೆ ಬಡಿಸುವಾಗ ಮೊಬೈಲು ಟಿಣ್ ಎಂದಿತು, ತುಪ್ಪ ಹಾಕುವಾಗ ಮತ್ತೆ ಎಂದಿತು. ಯಾವಾಗಲೂ ಖುಷಿ ಕೊಡುತ್ತಿದ್ದ ಆ ಸದ್ದಿಗೆ ಅವಳು ಮೊಬೈಲನ್ನು ಮಗುಚಿಟ್ಟಳು. ಮಾರಾಟ ನಿಲ್ಲಿಸುವುದನ್ನು ಮಾತ್ರ ನಾಳೆ ಮಾಡಿದರಾಯಿತು ಎಂದುಕೊಂಡಳು.

ದಶಮಿಯ ದಿನ ಹತ್ತಕ್ಕಿಂತ ಬಹಳ ಮೊದಲೇ ಬೇಲೂರು ಮುಟ್ಟಿದಳು. ಗೇಟು ಪೂರ್ತಿ ತೆರೆದಿತ್ತು. ಬಾಗಿಲ ಮುಂದೆ ಚಪ್ಪಲಿಗಳು ಬಿದ್ದಿದ್ದವು, ಅವುಗಳ ಒಡೆಯರು ಒಬ್ಬರೂ ಇರಲಿಲ್ಲ. ಒಳಗೆ ಕಾಸಿಮಸಾಬ ಒಬ್ಬನೇ ನಿಂತು ನೆಲಕ್ಕೆ ಬಕೀಟಿನಿಂದ ನೀರು ಹಾಕುತ್ತಿದ್ದ. ಹರಿದ ಚೆಂಡುಹೂವಿನ ಮಾಲೆ ಆ ನೀರಿನಲ್ಲಿ ಮೋರಿಯ ಕಡೆ ಹೊರಟಿತ್ತು. ಪುಸ್ತಕವನ್ನು ಯಾರೋ ಜೋಪಾನವಾಗಿ ಸ್ಟೂಲಿನ ಮೇಲೆ ಎತ್ತಿಟ್ಟಿದ್ದರು.

"ಹತ್ತರ ಹೊತ್ತಿಗೆ ರಾಹುಕಾಲ ಐತಿ ಅಂತ ಮಾಲಕರ ಮನ್ಯಾಗ ಅಂದ್ರಂತ್ರಿ," ಎಂದ ಕಾಸಿಮಸಾಬ, ತಲೆ ಎತ್ತದೆ. "ಎಂಟರೊಳಗ ಶುರು ಮಾಡಿದ್ರು. ಸಣ್ಣ ತಿದ್ದುಪಡಿ ಅಂತ, ಅಕ್ಕಾರು ಆಮ್ಯಾಲ ಬಂದ ಮಾಡ್ತಾರ ಅಂದ್ರು. ಹುಡುಗ ಎಡಗೈ ಗುಂಡಿ ಮ್ಯಾಲ ಊರಿದ್ದ, ಬಲಗೈಲೆ ತಗಡ ಸರಿ ಮಾಡಾಕತ್ತಿದ್ದ. ಒಂದ ಕೈಲೆ ಇಳಿಯೂದಿಲ್ಲ ಅಂತ ಅವಂಗ ಖಾತ್ರಿ ಇತ್ರಿ."

ರಾಜೇಶ್ವರಿ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟಳು.

ಮಾರಾಟವನ್ನು ಅಲ್ಲೇ ಕೂತು ನಿಲ್ಲಿಸಿದಳು. ಕೊಂಡವರ ವಿಳಾಸ ಕೊಡಿ ಎಂದು ಜಾಲತಾಣದವರಿಗೆ ಬರೆದಳು. ಗ್ರಾಹಕರ ಮಾಹಿತಿ ಕೊಡಲಾಗದು ಎಂದು ಉತ್ತರ ಬಂತು. ಬಸವಪ್ರಭು ಅವಳ ಫೋನು ಎತ್ತುವುದನ್ನು ಬಿಟ್ಟರು. ಆಸ್ಪತ್ರೆಗೂ ಹೋದಳು, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಳು, ಒಳಗೆ ಹೋಗುವ ಧೈರ್ಯವಾಗದೆ ಎದ್ದು ಬಂದಳು. ಮತ್ತೊಮ್ಮೆ ಹೋದಾಗಲೂ ಅಷ್ಟೇ. ಹೇಡಿತನ ಅಲ್ಲದೆ ಇದಕ್ಕೆ ಬೇರೆ ಹೆಸರಿಲ್ಲ, ಅದು ಅವಳಿಗೂ ಗೊತ್ತಿತ್ತು.

ಬನ್ನಿ ಕೊಡುವ ವಾಡಿಕೆ ಸೀಗೆ ಹುಣ್ಣಿಮೆಯ ತನಕ. ಮುತ್ತು ಬಂದದ್ದು ಹುಣ್ಣಿಮೆ ದಾಟಿ ಎಷ್ಟೋ ದಿನವಾದ ಮೇಲೆ. ಬಾಗಿಲಲ್ಲಿ ನಿಂತಿದ್ದ, ಅಂಗಿಯ ಬಲತೋಳು ಮಣಿಕಟ್ಟಿನ ಹತ್ತಿರ ಪಿನ್ನು ಹಾಕಿ ಮಡಚಿತ್ತು, ಕಂಕುಳಲ್ಲಿ ಪುಸ್ತಕವಿತ್ತು. ಎಡಗೈಯಲ್ಲಿ ಒಣಗಿದ ಬನ್ನಿ ಎಲೆ ಚಾಚಿದ.

"ನಮ್ಮವ್ವ ಎತ್ತಿ ಇಟ್ಟಿದ್ಲರಿ. ಎಡಗೈಲೆ ಕೊಡಾಕತ್ತೇನಿ, ತಪ್ಪ ತಿಳಕೋಬ್ಯಾಡ್ರಿ ಅಕ್ಕೋರ. ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ."

ಈರವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ರಾಜೇಶ್ವರಿ ಬನ್ನಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಎರಡು ಕೈ ಇರುವುದಕ್ಕೆ ನಾಚಿಕೆಯಾಯಿತು.

ಮುತ್ತು ಪಡಸಾಲೆಯಲ್ಲಿ ಕೂತು ಪುಸ್ತಕ ಮುಂದಿಟ್ಟ. "ನಾ ನೋಡಿ ಬರಿಯೂದ್ರಾಗ ತಪ್ಪೇನಿ ಅಂತಾರ್ರಿ ಮಾಲಕರು. ಖರೇನ ಇರಬೇಕು. ಆದ್ರ ಎಷ್ಟ ಸಲ ತಿರಗಿ ನೋಡಿದ್ರೂ ನನಗ ಸಿಗವಲ್ದು. ಎಲ್ಲಿ ತಪ್ಪೇನಿ ತೋರಸ್ರಿ."

ರಾಜೇಶ್ವರಿ ಎದ್ದು ಕಪಾಟಿನಿಂದ ಮೊದಲ ಮುದ್ರಣದ ಪ್ರತಿ ತಂದಳು. ಎರಡು ಪುಸ್ತಕಗಳನ್ನೂ ಅದೇ ಪಾಠಕ್ಕೆ ತೆರೆದು ಅಕ್ಕಪಕ್ಕ ಇಟ್ಟು ಬೂದು ಚೌಕದ ಮೇಲೆ ಬೆರಳಿಟ್ಟಳು. "ನೀ ತಪ್ಪಿಲ್ಲ ಮುತ್ತು. ಇದನ್ನ ನಾ ತಗದ ಹಾಕಿದ್ನಿ. ತೂಕ ಹೆಚ್ಚ ಆಗಿತ್ತು."

ಮುತ್ತು ತುಟಿ ಆಡಿಸುತ್ತ ಓದಿದ. ಮತ್ತೊಮ್ಮೆ ಓದಿದ. ಅವನು ಬೈಯಲಿ ಎಂದು ಅವಳು ಕಾದಳು, ಬೈದಿದ್ದರೆ ಅವಳಿಗೆ ಉಸಿರು ಬರುತ್ತಿತ್ತು.

"ಇದ ಇದ್ದಿದ್ರ ನಾ ಓದತಿದ್ದೆ ಅಕ್ಕೋರ," ಎಂದ ಕೊನೆಗೆ. "ನಾ ಯಾವಾಗಲೂ ಚೌಕದಾಗಿಂದ ಮೊದಲ ಓದಾಂವ." ತನ್ನ ಪ್ರತಿಯನ್ನು ಮುಚ್ಚಿ ಕೇಳಿದ, "ಚೌಕ ಇಲ್ಲದ್ದು ಇನ್ನ ಯಾರ್ಯಾರ ಕಡೆ ಐತ್ರಿ?"

ಅವಳು ಮೊಬೈಲು ತೆರೆದು ಅವನ ಮುಂದೆ ಹಿಡಿದಳು. ಮಾರಾಟ ನಿಂತಿದ್ದರೂ ಮೆಚ್ಚುಗೆ ಬರುವುದು ನಿಂತಿರಲಿಲ್ಲ. ಅಂದು ಬೆಳಿಗ್ಗೆ ಒಂದು ಬಂದಿತ್ತು. ಐದು ನಕ್ಷತ್ರ. ಬರೆದವರ ಹೆಸರಿನ ಜಾಗದಲ್ಲಿ ಬರೀ 'ಗ್ರಾಹಕ' ಎಂದಿತ್ತು. 'ನಮ್ಮ ಪ್ರೆಸ್ಸಿಗೆ ಇದರಲ್ಲಿದ್ದಂತೆಯೇ ಹಾಕಿದ್ದೇವೆ. ಚೆನ್ನಾಗಿ ಓಡುತ್ತಿದೆ.'

ಮುತ್ತು ಅದನ್ನೂ ತುಟಿ ಆಡಿಸುತ್ತ ಓದಿದ.

"ಯಾವೂರಾಂವ್ರಿ ಇಂವ?" ಎಂದ.

ರಾಜೇಶ್ವರಿ 'ಗ್ರಾಹಕ' ಎಂಬುದರ ಮೇಲೆ ಬೆರಳು ಒತ್ತಿದಳು, ಅದು ತೆರೆಯಲಿಲ್ಲ.