ಕೆಂಪು ರಿಮೋಟು ಯಾರದು?

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬ ವಿಷಯದಲ್ಲಿ ನನಗೂ ಇದರ ನಾಯಕಿಗೂ ಬೆಳಗ್ಗಿನಿಂದ ತಕರಾರು ನಡೆದಿದೆ. 'ಅಟ್ಟದಿಂದ ಒಂದು ರಟ್ಟಿನ ಡಬ್ಬ ಬಿತ್ತು' ಎಂದು ಬರೆದೆ. ಅವಳು ಒಪ್ಪಲಿಲ್ಲ.

"ಬೀಳಲಿಲ್ಲ. ನಾನೇ ಇಳಿಸಿದ್ದು. ಬಿತ್ತು ಅಂತ ಎಂತಕ್ಕೆ ಬರೀತ್ರಿ?"

(ಬಿತ್ತು ಎಂಬ ಮಾತು ಅವಳಿಗೆ ಆಗಿಬರುವುದಿಲ್ಲ. ಕಾರಣ ಮುಂದೆ ಬರುತ್ತದೆ, ಸ್ವಲ್ಪ ತಾಳಿ.)

ಎರಡನೆಯ ಸಲ ಅಘನಾಶಿನಿ ನದಿಯ ಅಳಿವೆಯಿಂದ ಶುರು ಮಾಡಿದೆ. ನೀರು, ಬಿಸಿಲು, ಒಂದು ದೋಣಿ. ಮೂರು ಪುಟ ಮುಗಿದರೂ ದೋಣಿ ದಡಕ್ಕೆ ಬರಲಿಲ್ಲ, ನನಗೇ ಆಕಳಿಕೆ ಬಂತು. ಹರಿದು ಹಾಕಿದೆ.

೧ (ಈ ಸಲ ನಿಜವಾಗಿ)

ಅಂಕಿತಾ. ವಯಸ್ಸು ಮೂವತ್ತೆರಡು. ಕುಮಟೆಯ ಒಂದು ಸಹಕಾರಿ ಸಂಘದಲ್ಲಿ ಕೆಲಸ, ಮನೆ ಕಾಗಾಲದಲ್ಲಿ. (ಇನ್ನೂ ಮದುವೆಯಾಗಿಲ್ಲವೇ ಎಂದು ಕೇಳಲು ನೀವು ಬಾಯಿ ತೆರೆದಿರಿ, ಕಂಡಿತು. ಅದು ಬೇರೆ ಕಥೆ, ಬರೆಯಲು ಅವಳ ಅಪ್ಪಣೆ ಇಲ್ಲ.) ಮನೆಯಲ್ಲಿ ಅಮ್ಮ ಗಂಗಿ ಇದ್ದಾಳೆ, ಗೂಡ್ಸ್ ರಿಕ್ಷಾ ಓಡಿಸುವ ಅಣ್ಣ ಕಿರಣ ಇದ್ದಾನೆ. ಅಪ್ಪ ಜಟ್ಟಿ ತೀರಿಕೊಂಡು ಎಂಟು ವರ್ಷವಾಯಿತು.

ಅಟ್ಟದಿಂದ ಇಳಿದ (ನೋಡಿ, ಬೀಳಲಿಲ್ಲ) ಡಬ್ಬದಲ್ಲಿದ್ದದ್ದು ಒಂದು ಕೆಟ್ಟುಹೋದ ವಿಡಿಯೋ ಗೇಮ್. ಇಪ್ಪತ್ತೊಂದು ವರ್ಷದ ಹಿಂದೆ ಅಪ್ಪ ಭಟ್ಕಳ ಪೇಟೆಯಿಂದ ತಂದದ್ದು. ದುಬೈಯಿಂದ ಬಂದ ಮಾಲು ಎಂದು ಅಂಗಡಿಯವನು ಹೇಳಿದ್ದನ್ನು ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಟಿವಿಗೆ ಜೋಡಿಸುವ ಒಂದು ಬೂದು ಪೆಟ್ಟಿಗೆ, ಒಂದು ಕ್ಯಾಸೆಟ್, ಎರಡು ರಿಮೋಟು. ಒಂದು ಕೆಂಪು, ಒಂದು ಕಪ್ಪು. ಕೆಂಪು ಯಾರದು ಎಂದು ಅಣ್ಣ ತಂಗಿ ದಿನಾ ಕೂದಲು ಹಿಡಿದು ಜಗಳಾಡುತ್ತಿದ್ದರು.

ಆಟ ಬಹಳ ಸರಳ. ಇಬ್ಬರು ಪುಟಾಣಿ ಮನುಷ್ಯರು ಮೋಡದಿಂದ ಮೋಡಕ್ಕೆ ಜಿಗಿಯುತ್ತಾ ಹೋಗಬೇಕು. ಒಬ್ಬ ಎಷ್ಟೇ ಚುರುಕಾಗಿ ಪರದೆಯ ಅಂಚಿಗೆ ಬಂದರೂ ಇನ್ನೊಬ್ಬ ಬಂದು ಸೇರುವವರೆಗೆ ಪರದೆ ಮುಂದೆ ಸರಿಯುವುದಿಲ್ಲ. ಮೊದಲು ಬಂದವನು ಮೋಡದ ಮೇಲೆ ನಿಂತು ಕಾಲು ಕುಣಿಸುತ್ತಾ ಕಾಯುತ್ತಾನೆ. ಆ ಮೋಡಗಳು ಅಂಕಿತಾಳ ಕನಸಿನಲ್ಲಿ ಈಗಲೂ ಬರುತ್ತವೆ. ಅವಳು ಅಂಚಿಗೆ ಬಂದಿರುತ್ತಾಳೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ.

೨

ಆ ವರ್ಷ ಮಳೆಗಾಲಕ್ಕೆ ಮೊದಲು ಒಂದು ದಿನ ಆಟ ಹತ್ತಲಿಲ್ಲ. ಅಪ್ಪ ಬಂದು ಕೇಳಿದ: "ಯಾರು ಬೀಳ್ಸಿದ್ದು?"

ಯಾರೂ ಬೀಳಿಸಿರಲಿಲ್ಲ. ಆದರೆ ಅಂದು ಬೆಳಿಗ್ಗೆ ಕಿರಣ ಕೆಂಪು ರಿಮೋಟು ಕೊಟ್ಟಿರಲಿಲ್ಲ. ಹನ್ನೊಂದು ವರ್ಷದ ಅಂಕಿತಾ, "ಅಣ್ಣ ಬೀಳ್ಸಿದ," ಎಂದಳು.

ಅಪ್ಪನ ಕೈ ಬೇಗ ಏಳುತ್ತಿತ್ತು. ಯಾರ ಮೇಲೆ ಎಂಬುದು ಆಮೇಲೆ ತೀರ್ಮಾನವಾಗುತ್ತಿತ್ತು. ಅಂದು ಕಿರಣನ ಬೆನ್ನಿನ ಮೇಲೆ ಒಂದು ಕೊಡೆ ಮುರಿಯಿತು. ಅವನು ಅಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಸಂಜೆ ಅಮ್ಮ ಅವನ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ, "ಜೋಪಾನ ಮಾಡೂಕೆ ಆಗ್ಲಿಲ್ವ ಮಗಾ," ಎಂದು ಅತ್ತಳು.

ಅಂದಿನಿಂದ ಅಣ್ಣ ತಂಗಿ ಜಗಳಾಡಿಲ್ಲ. ಕಿರಣ ಅವಳನ್ನು ರಿಕ್ಷಾದಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುತ್ತಾನೆ, ಜ್ವರ ಬಂದರೆ ಮಾತ್ರೆ ತರುತ್ತಾನೆ, ಕೇಳಿದ್ದಕ್ಕೆಲ್ಲ 'ಆತು' ಎನ್ನುತ್ತಾನೆ. ನೆಂಟರೆಲ್ಲ ಅಣ್ಣ ಎಂದರೆ ಹೀಗಿರಬೇಕು ಎಂದು ಹೊಗಳುತ್ತಾರೆ. ಇಪ್ಪತ್ತೊಂದು ವರ್ಷ ಒಂದೇ ಒಂದು ಜಗಳವಾಡದ ಅಣ್ಣ ತಂಗಿಯನ್ನು ಕಂಡರೆ ನನಗಂತೂ ಹೆದರಿಕೆಯಾಗುತ್ತದೆ. ಅಂಕಿತಾಳಿಗೂ ಆಗುತ್ತದೆ. ಡಬ್ಬ ತೋರಿಸಿದಾಗ ಅವನು, "ಬೇಕಾದ್ರೆ ಇಟ್ಕೋ, ಬೇಡಾದ್ರೆ ಒಗೆ," ಎಂದು ಹೊರಟುಹೋದ. ಅವಳಿಗೆ ಬೇಕಾದದ್ದು ಆ ಪೆಟ್ಟಿಗೆಯಲ್ಲ, ತನ್ನ ಕೂದಲು ಹಿಡಿಯುತ್ತಿದ್ದ ಅಣ್ಣ. ಇದನ್ನು ನಾನು ನೇರವಾಗಿ ಬರೆದದ್ದಕ್ಕೆ ಅವಳಿಗೆ ಸಿಟ್ಟು ಬಂದಿದೆ.

೩

ಹೊನ್ನಾವರದ ಟಿವಿ ರಿಪೇರಿಯ ಭಾಸ್ಕರ ನಾಲ್ಕು ಸ್ಕ್ರೂ ತೆಗೆದು ಮುಚ್ಚಳ ಎತ್ತಿದ. ಕಮಟು ವಾಸನೆ ಅಂಗಡಿಯೆಲ್ಲ ಹಬ್ಬಿತು.

"ಅಕ್ಕಾ, ಇದು ಬಿದ್ದು ಹಾಳಾದ್ದಲ್ಲ. ಎಲ್ಲೂ ಒಡೆದಿಲ್ಲ. ಯಾರೋ ಎಣ್ಣೆ ಹೊಯ್ದಿದಾರೆ. ಕೊಬ್ಬರಿ ಎಣ್ಣೆ!" ಅವನಿಗೆ ನಗು ತಡೆಯಲಾಗಲಿಲ್ಲ. "ಇದೆಂತ ದೋಸೆ ಹಂಚಾ?"

ಅಂಕಿತಾ ನಗಲಿಲ್ಲ. ಅವಳಿಗೆ ತಕ್ಷಣ ಗೊತ್ತಾಯಿತು.

(ಕರಾವಳಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಎರಡು ಸಾಲು.) ಉಪ್ಪುಗಾಳಿಗೆ ಮಳೆಯೂ ಸೇರಿದರೆ ಕಬ್ಬಿಣ ಉಳಿಯುವುದಿಲ್ಲ. ಅದಕ್ಕೇ ರೋಹಿಣಿ ಮಳೆ ಹುಟ್ಟುವ ಮೊದಲಿನ ಭಾನುವಾರ ಗಂಗಿ ಒಂದು ಬಟ್ಟಲು ಎಣ್ಣೆ, ಒಂದು ಹಳೇ ಬಟ್ಟೆ ಹಿಡಿದು ಜಗಲಿಯಲ್ಲಿ ಕೂರುತ್ತಾಳೆ. ಬೀಗ, ಚಿಲಕ, ಕತ್ತಿ, ತರಕಾರಿ ಹೆಚ್ಚುವ ಮೆಟ್ಟುಗತ್ತಿ, ಕೊಡೆಯ ಕಡ್ಡಿ, ಹೊಲಿಗೆ ಮಷೀನು, ಎಲ್ಲಕ್ಕೂ ಎಣ್ಣೆ. ಆ ವರ್ಷ ಮನೆಗೆ ಹೊಸದಾಗಿ ಬಂದಿದ್ದ ಅತಿ ಬೆಲೆಬಾಳುವ ಸಾಮಾನು ಯಾವುದು? ಅದನ್ನು ಅವಳು ಬಿಟ್ಟಾಳೆಯೇ? ಬೀಗಕ್ಕೆ ಎಣ್ಣೆ ಹಾಕಿದ್ದನ್ನು ಯಾರೂ ಹೇಳಿಕೊಂಡು ತಿರುಗುವುದಿಲ್ಲವಲ್ಲ, ಇದನ್ನೂ ಹೇಳಲಿಲ್ಲ. ಎಣ್ಣೆಯಿಂದ ಯಾವುದಾದರೂ ಕೆಡುತ್ತದೆ ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ.

"ತೊಳೆದು ನೋಡ್ಬಹುದು," ಎಂದ ಭಾಸ್ಕರ. "ಒಂದು ಐಸಿ ಹಾಕ್ಬೇಕು. ನನ್ನ ಹತ್ರ ಇರೂದು ಒಂದೇ, ಅದನ್ನ ಭಟ್ಕಳದವರೊಬ್ರು ಕೇಳಿದಾರೆ. ಭಾನುವಾರ ಮಧ್ಯಾಹ್ನದೊಳಗೆ ಹೇಳಿ. ನಾನೇ ಫೋನ್ ಮಾಡ್ತೆ."

ಅಂಕಿತಾ ಪೆಟ್ಟಿಗೆಯನ್ನು ಮುಚ್ಚಿಸಿಕೊಂಡು ವಾಪಸು ಹೊರಟಳು.

೪

ಹೊನ್ನಾವರದಿಂದ ಕುಮಟೆಗೆ ಬರುವ ಬಸ್ಸಿನಲ್ಲಿ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಅವಳಿಗೆ ಜೋಂಪು ಹತ್ತಿತು. ಕಿಟಕಿಯಾಚೆ ತೆಂಗಿನ ಮರಗಳು ಬೇರು ಬಿಟ್ಟು ಮೇಲೆದ್ದವು. ಗದ್ದೆಗಳು ಚೌಕ ಚೌಕವಾಗಿ ಬಿಡಿಸಿಕೊಂಡು ಮೋಡಗಳಾದವು. ಬಸ್ಸು ಒಂದು ಮೋಡದ ಮೇಲೆ ನಿಂತಿತು. ಇನ್ನೊಬ್ಬರು ಬರಬೇಕು, ಆಮೇಲೆಯೇ ಹೊರಡುವುದು ಎಂದು ಡ್ರೈವರು ಹಿಂದೆ ತಿರುಗಿ ಹೇಳಿದ. ಡ್ರೈವರು ನಾನೇ ಆಗಿದ್ದೆ. (ಲೈಸೆನ್ಸ್ ಕೇಳಬೇಡಿ.)

"ರಿಪೇರಿ ಮಾಡಿಸು," ಎಂದೆ. "ಎಣ್ಣೆಯ ಸಂಗತಿ ಹೊರಗೆ ಬರುತ್ತದೆ. ನಿನ್ನ ಅಣ್ಣ ತಪ್ಪು ಮಾಡಿಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ."

"ಅಮ್ಮಂಗೂ ಗೊತ್ತಾಗ್ತದೆ. ಮಗನಿಗೆ ಹೊಡೆತ ಬಿದ್ದದ್ದು ತನ್ನ ಎಣ್ಣೆಯಿಂದ ಅಂತ. ಅದೇ ಎಣ್ಣೆ ಅವನ ಬೆನ್ನಿಗೂ ಹಚ್ಚಿದೆ ಅಂತ. ಅರವತ್ತರ ಮೇಲೆ ಅದನ್ನ ಹೊತ್ಕಂಡು ಅವಳು ಎಲ್ಲಿ ಹೋಗೂದು?"

"ಹಾಗಾದರೆ ಬೇಡ. ಅಟ್ಟಕ್ಕೆ ಹಾಕು."

"ಅಣ್ಣ?"

ನಾನು ಹಾರ್ನ್ ಒತ್ತಿದೆ. ಕಥೆಗಾರರಿಗೆಲ್ಲ ಗೊತ್ತಿರುತ್ತದೆ ಎಂದು ನಂಬಿದವರು ಇಲ್ಲಿಯೇ ಇಳಿದುಕೊಳ್ಳಬಹುದು. ಅವಳು ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದಳು, "ಹೊಡೆತ ಬಿದ್ದದ್ದು ಎಣ್ಣೆಯಿಂದ ಅಲ್ಲ. ನಾ ಹೇಳಿದ ಸುಳ್ಳಿಂದ."

೫ (ಮುಕ್ತಾಯಗಳು)

ಅ. ಭಾಸ್ಕರ ರಿಪೇರಿ ಮಾಡಿಕೊಟ್ಟ. ಟಿವಿಯ ಮುಂದೆ ಅಣ್ಣ ತಂಗಿ ಕೂತರು, ಮೋಡಗಳು ಬಂದವು, ಇಬ್ಬರೂ ನಕ್ಕರು, ಅಮ್ಮ ಚಹಾ ತಂದಳು. ಓದಿ ನೋಡಿದೆ. ಚಹಾಪುಡಿಯ ಜಾಹೀರಾತಾಗಿತ್ತು. ಹೊಡೆದು ಹಾಕಿದೆ.

ಆ. ಅಂಕಿತಾ ಪೆಟ್ಟಿಗೆಯನ್ನು ಅಘನಾಶಿನಿಗೆ ಎಸೆದಳು. ಕಥೆಗೆ ಗಾಂಭೀರ್ಯ ಬಂತು ಎಂದು ನಾನು ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಅವಳೇ ಬೈದಳು: "ಅಲ್ಲಿ ಹೆಂಗಸರು ಚಿಪ್ಪು ಹೆಕ್ಕೂಕೆ ಇಳೀತಾರೆ. ಕಾಲಿಗೆ ಚುಚ್ಚಿದ್ರೆ ನೀವು ಬರ್ತ್ರಾ?"

ಇ. ನಾನು ಬರೆದದ್ದಲ್ಲ. ನಾನು ಪೆನ್ನಿಗೆ ಮುಚ್ಚಳ ಹಾಕಿ ಕೂತಿದ್ದಾಗ ನಡೆದದ್ದು.

ಭಾನುವಾರ. ಗಂಗಿ ಜಗಲಿಯಲ್ಲಿ ಎಣ್ಣೆಯ ಬಟ್ಟಲು ಇಟ್ಟುಕೊಂಡು ಕೂತಿದ್ದಳು. ಬೀಗಗಳು ಮುಗಿದವು, ಕತ್ತಿ ಮುಗಿಯಿತು. ಕಂಬದ ಬುಡದಲ್ಲಿ ಡಬ್ಬ ಕಂಡಿತು.

"ಇದನ್ನ ಯಾರು ಇಳ್ಸಿದ್ದು? ಮಳೆ ಬಂತಂದ್ರೆ ತುಕ್ಕು ಹಿಡೀತದೆ." ಅವಳು ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡು ಬಟ್ಟೆಯನ್ನು ಎಣ್ಣೆಗೆ ಅದ್ದಿದಳು.

ಬಾಗಿಲಲ್ಲಿದ್ದ ಅಂಕಿತಾ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ರಿಕ್ಷಾ ತೊಳೆಯುತ್ತಿದ್ದ ಕಿರಣ ಒದ್ದೆ ಕೈ ಒರೆಸಿಕೊಂಡು ಜಗಲಿ ಹತ್ತಿದ. ಈಗ ತಡೆಯುತ್ತಾನೆ ಎಂದುಕೊಂಡಳು. ಅವನು ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕ್ಯಾಸೆಟ್ ಹಾಕುವ ತೂತಿನ ಮೇಲೆ ಬೆರಳಿಟ್ಟ.

"ಇದನ್ನ ಬಿಟ್ಯಲ್ಲ ಅಮ್ಮ. ಆವತ್ತು ಮೊದಲು ಇದಕ್ಕೇ ಹಾಕಿದ್ದೆ ನೀನು."

"ಹೌದಾ? ನಂಗೆ ನೆನಪೇ ಇಲ್ಲ," ಎಂದು ಗಂಗಿ ಅಲ್ಲಿಗೂ ನಾಲ್ಕು ಹನಿ ಬಿಟ್ಟಳು. "ನೋಡು, ಎಣ್ಣೆ ಹಾಕಿದ್ದಕ್ಕೆ ಒಂದು ಚೂರೂ ತುಕ್ಕಿಲ್ಲ."

"ಇಲ್ಲ," ಎಂದ ಕಿರಣ.

ಅವನು ನೋಡಿದ್ದ. ಹದಿನಾಲ್ಕನೆಯ ವಯಸ್ಸಿನಲ್ಲೇ ನೋಡಿದ್ದ. ಬಾಯಿ ಬಿಟ್ಟಿದ್ದರೆ ಆ ಕೊಡೆ ಯಾರ ಬೆನ್ನಿನ ಮೇಲೆ ಮುರಿಯುತ್ತಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ಅಂಕಿತಾಳ ಕಣ್ಣು ತುಂಬಿತು. ಅವಳು ಬಂದು ಅವನೆದುರು ಕೂತಳು.

"ಅಣ್ಣಾ, ಆವತ್ತು ನೀ ಬೀಳ್ಸಲಿಲ್ಲ. ನಂಗೆ ಗೊತ್ತಿತ್ತು."

"ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು."

ಅಷ್ಟೇ. ಅವನ ದನಿಯಲ್ಲಿ ಇಪ್ಪತ್ತೊಂದು ವರ್ಷದ ಸಿಟ್ಟು ಮೊದಲ ಸಲ ಕೇಳಿಸಿತು. ಅವಳು ಏನು ಮಾಡಬೇಕೆಂದು ತಿಳಿಯದೆ ಡಬ್ಬದೊಳಗೆ ಕೈ ಹಾಕಿ ಕೆಂಪು ರಿಮೋಟು ತೆಗೆದು, ಬೆರಳನ್ನು ಎಣ್ಣೆಗೆ ಅದ್ದಿ ಅದರ ಗುಂಡಿಗಳಿಗೆ ಹಚ್ಚತೊಡಗಿದಳು. ಕಿರಣ ನೋಡುತ್ತಾ ಕೂತ. ಆಮೇಲೆ ಕೈ ಚಾಚಿದ.

"ಅದು ನಂದು. ಕೊಡು ಇಲ್ಲಿ."

"ಕೊಡೂದಿಲ್ಲ."

"ಕೊಡೇ."

"ನೀ ಕಪ್ಪು ತಕ್ಕೋ."

ಅವನು ಅವಳ ಜಡೆಗೆ ಕೈ ಹಾಕಿದ. ಎಣ್ಣೆಯ ಬಟ್ಟಲು ಓರೆಯಾಯಿತು. "ಇಷ್ಟು ದೊಡ್ಡವರಾದ್ರೂ ಎಂತ ಇದು ಮಾರಾಯ್ರೇ," ಎಂದು ಗಂಗಿ ಬಟ್ಟೆಯಿಂದ ಇಬ್ಬರಿಗೂ ಬಾರಿಸಿದಳು.

ರಿಪೇರಿ ಆಯಿತೇ, ಇಲ್ಲವೇ? ನೀವು ಕೇಳುವುದು ಸಹಜ, ನಾನೂ ಅದನ್ನೇ ಕೇಳುತ್ತಾ ಇಲ್ಲಿ ನಿಂತಿದ್ದೇನೆ. ಒಳಗಿನ ಕೋಣೆಯಲ್ಲಿ ಅಂಕಿತಾಳ ಫೋನು ಬಡಿದುಕೊಳ್ಳುತ್ತಿದೆ. ಭಾಸ್ಕರನದೇ ಇರಬೇಕು. ಅವಳು ಎತ್ತುತ್ತಿಲ್ಲ. ಕೈಯೆಲ್ಲ ಎಣ್ಣೆಯಾಗಿದೆ.