ಎಳೆ ಕಡಿದಾಗ ನಿಂತ ಹಾಡು

ಸೇಲಂನ ನಮ್ಮ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇದ್ದದ್ದು ಒಂದೇ ಹಾರ್ಮೋನಿಯಂ. ಸೀನಿಯರ್‌ಗಳು ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ನೀವೇ ಇಟ್ಟುಕೊಂಡು ಪೂಜೆ ಮಾಡಿ ಎಂದು ಬೈದು, ನಾವು ಮೂವರು ಬರಿಬಾಯಲ್ಲೇ ಹಾಡುವ ಗುಂಪು ಕಟ್ಟಿಕೊಂಡೆವು. ಎಪ್ಪತ್ಮೂರನೇ ಇಸವಿಯ ಮಾತು. ಮೆಟ್ಟೂರಿನ ಪಳನಿಯಮ್ಮ ಕೆಳದನಿಯಲ್ಲಿ ‘ಧೂಂ ಧೂಂ’ ಎಂದು ಮೃದಂಗವಾಗುತ್ತಿದ್ದಳು. ಮಾರಂಡಹಳ್ಳಿಯ ಕಾಳಿಯಮ್ಮ ಕುರಿಗಳನ್ನು ಕೂಗಿ ಕರೆಯುತ್ತಲೇ ಬೆಳೆದವಳು. ಅವಳ ಮೇಲುದನಿ ಹೊರಟರೆ ಹಾಸ್ಟೆಲ್ ಅಡುಗೆಮನೆಯಿಂದ ಬೈಗುಳ ಹೊರಡುತ್ತಿತ್ತು. ನಡುವಿನ ದನಿ ಈ ಚೌಡೇಶ್ವರಿಯದು, ಅಂದರೆ ನನ್ನದು. ತಾಳವೂ ನನ್ನದೇ. ನಮ್ಮದು ಕನ್ನಡ ಮಾತಾಡುವ ನೇಯುವವರ ಮನೆ. ಮಗ್ಗ ತುಳಿದ ಕಾಲು ತಪ್ಪುವುದಿಲ್ಲವೆಂದು ಅವರಿಬ್ಬರೂ ನನ್ನ ಪಾದ ನೋಡಿಕೊಂಡೇ ಹಾಡುತ್ತಿದ್ದರು.

ಮೆಟ್ಟಿಲ ಕೆಳಗಿನ ಕೋಣೆ ನಮ್ಮ ರಾಜ್ಯ. ಅದರ ಮೇಲೆ ಪ್ರಿನ್ಸಿಪಾಲರ ಕಣ್ಣು ಬಿತ್ತು. “ಕಾಲೇಜುಗಳ ಸ್ಪರ್ಧೆಯಲ್ಲಿ ಕಪ್ ತಂದರೆ ಕೋಣೆ ನಿಮ್ಮದು. ಇಲ್ಲದಿದ್ದರೆ ಹೊಲಿಗೆ ಮಿಷನ್‌ಗಳದ್ದು. ಗುಂಪೂ ಬೇಡ, ಗದ್ದಲವೂ ಬೇಡ” ಎಂದುಬಿಟ್ಟರು. ಇಡೀ ಊರಿನಲ್ಲಿ ನಾವು ಬಾಯಿಬಿಟ್ಟು ಕಿರುಚಬಹುದಾದ ಜಾಗ ಅದೊಂದೇ.

ಸ್ಪರ್ಧೆಗೆ ನಾವೇ ಕಟ್ಟಿದ ಹಾಡು, ಮೆಟ್ಟೂರು ಬಸ್ಸಿನದು. ಪಳನಿಯಮ್ಮ ಇಂಜಿನ್, ನಾನು ಕಂಡಕ್ಟರ್, ಕಾಳಿಯಮ್ಮ ಸೀಟಿನಡಿ ಅವಿತ ಆಡು. ಸಭೆಯ ಮುಂದಿನ ಸಾಲಿನಲ್ಲಿ ನನ್ನ ಅಜ್ಜಿ ಲಕ್ಷ್ಮಕ್ಕ ನಮ್ಮ ಬೀದಿಯ ನೇಯುವವರನ್ನೆಲ್ಲ ಕಟ್ಟಿಕೊಂಡು ಕೂತಿದ್ದಳು. ಬಸ್ಸು ಏರು ಹತ್ತುತ್ತಿತ್ತು, ಜನ ಬಿದ್ದು ಬಿದ್ದು ನಗುತ್ತಿದ್ದರು. ಆ ಹುರುಪಿನಲ್ಲಿ ಆಡು ಕೈ ಬೀಸಿತು. ಅವಳ ಬೆರಳು ನನ್ನ ಜಡೆಯ ಕನಕಾಂಬರಕ್ಕೆ ಸಿಕ್ಕಿ, ದಾರ ಪಟ್ಟೆಂದು ಕಡಿಯಿತು.

ನನ್ನ ಕಾಲು ನಿಂತುಹೋಯಿತು. ನಮ್ಮ ಮನೆಯಲ್ಲಿ ಎಳೆ ಕಡಿದ ಮೇಲೆ ಮಗ್ಗವನ್ನು ಇನ್ನೊಂದು ಸಲ ತುಳಿಯುವ ಹಾಗಿಲ್ಲ. ನಿಲ್ಲಿಸಬೇಕು, ಗಂಟು ಹಾಕಬೇಕು, ಆಮೇಲೆ ಮುಂದಕ್ಕೆ. ಮರೆತು ತುಳಿದರೆ ಮೊಣಕಾಲಿಗೆ ಅಜ್ಜಿಯ ಕೋಲು. ಕಾಲಿಗೆ ಸ್ಪರ್ಧೆ ಗಿರ್ಧೆ ಏನು ಗೊತ್ತು? ಕಾಲು ನಿಂತದ್ದೇ ತಡ, ಇಂಜಿನ್ನೂ ಆಡೂ ನಿಂತವು.

ನನ್ನ ಕೈಗಳು ಆಗಲೇ ಜಡೆಯಲ್ಲಿ ದಾರದ ತುದಿ ಹುಡುಕುತ್ತಿದ್ದವು.

“ಎನ್ನಡಿ ಪಣ್ರೆ? ಪಾಡುಡಿ!” ಏನೇ ಮಾಡ್ತಿದ್ದೀ, ಹಾಡೇ ಎಂದು ಪಳನಿಯಮ್ಮ ತಮಿಳಿನಲ್ಲಿ ಹಲ್ಲು ಕಡಿದಳು.

“ತುಳಿಯೇ ತಾಯಿ, ತುಳಿ! ರೂಮು ಓಯ್ತು!” ಕಾಳಿಯಮ್ಮನಿಗೆ ಅಳುವೇ ಬಂದಿತ್ತು.

ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಅಜ್ಜಿ ಧಡಕ್ಕನೆ ಎದ್ದು ತಿರುಗಿದಳು. “ಯಾವನ್ಲಾ ಅವ್ನು? ಎಳೆ ಕಡ್ದೈತೆ, ಕಣ್ ಕಾಣಕಿಲ್ವಾ? ಗಂಟಾಕ್ತಾವ್ಳೆ. ಸುಮ್ಕೆ ಕುಂತ್ಕೋ!”

ನಮ್ಮ ಬೀದಿಯವರು ಹೋ ಎಂದು ನಕ್ಕರು. ನಕ್ಕು, ಬಸ್ಸಿಗೆ ಕಾಯುವವರಂತೆ ತೆಪ್ಪಗೆ ಕೂತರು. ನಾನು ಗಂಟು ಬಿಗಿದು, ಎಳೆದು ನೋಡಿ, ಕಾಲು ತುಳಿದೆ. ಇಂಜಿನ್, ಕಂಡಕ್ಟರ್, ಆಡು ಒಟ್ಟಿಗೇ ಹೊರಟವು. ಚಪ್ಪಾಳೆಯಲ್ಲಿ ನಮ್ಮ ದನಿ ನಮಗೇ ಕೇಳಿಸಲಿಲ್ಲ.

“ಹಾಡನ್ನು ನಡುವೆ ನಿಲ್ಲಿಸಿ, ಕೂದಲೆಳೆ ತಪ್ಪದಂತೆ ಮತ್ತೆ ಎತ್ತಿಕೊಂಡರಲ್ಲ, ಎಂಥ ಸಾಧನೆ!” ಎಂದು ತೀರ್ಪುಗಾರ ಸುಬ್ಬರಾಯನ್ ಕಪ್ ಕೊಟ್ಟೇಬಿಟ್ಟರು. ನಾವು ತಬ್ಬಿಕೊಂಡು ಕುಣಿದೆವು. ಕಾಳಿಯಮ್ಮ ಮೈಕಿನಲ್ಲಿ ಇನ್ನೊಮ್ಮೆ ಅರಚಿದಳು.

ಮರುದಿನ ಪ್ರಿನ್ಸಿಪಾಲರು ಕೋಣೆಯ ಬೀಗದ ಕೈ ಮುಂದೆ ಹಿಡಿದು, ಕೊಡದೆ ನಿಂತರು. “ಕಾಲೇಜ್ ಡೇಗೂ ಇದೇ ಹಾಡು. ದಾರ ಕಡಿಯುವುದೂ ಇರಬೇಕು. ಒಪ್ಪಿದರೆ ಕೋಣೆ.”

ಕಪ್ ಹಿಡಿದು ಮನೆಗೆ ಬಂದು ಹೇಳಿದೆ. ನೂಲು ಸುತ್ತುತ್ತಿದ್ದ ಅಜ್ಜಿಯ ರಾಟೆ ನಿಂತಿತು. “ಬೇಕಂತ್ಲೇ ಎಳೆ ಕಡೀತೀಯಾ? ನೇಯೋರ್ ಮನೇಲುಟ್ಟಿ? ಆ ಕಪ್ಪು ಎತ್ಕೊಂಡೋಗಿ ವಾಪಸ್ ಕೊಟ್ಬುಡು!”

“ಅಜ್ಜಿ, ರೂಮು ಓಯ್ತದೆ!” ನಾನು ನಿಜವಾಗಿಯೂ ಅತ್ತುಬಿಟ್ಟೆ.

ಅಜ್ಜಿ ನನ್ನನ್ನು ನೋಡಿದಳು, ಕಪ್ ನೋಡಿದಳು. ಎದ್ದು ಹೋಗಿ, ಮಗ್ಗಕ್ಕೆ ಬಾರದೆಂದು ಮೂಲೆಗೆಸೆದಿದ್ದ, ಮುಟ್ಟಿದರೆ ಕಡಿಯುವ ಲಡ್ಡು ನೂಲನ್ನು ತಂದು ಹೂ ಕಟ್ಟಲು ಕೂತಳು.

“ನಾವ್ ಕಡಿಯೋದ್ ಬ್ಯಾಡ, ಅದೇ ಕಡ್ಕಳ್ಳಿ” ಎಂದಳು. “ಆ ಕಾಳಿಯಮ್ಮಂಗೇಳು, ಕೈ ಒಸಿ ಜೋರಾಗ್ ಬೀಸ್ಲಿ.”